ಖಂಡೇಪೂಜೆಗೆ ಮಲಗಿದ ಪೆಟ್ಟಿಗೆ

೨೯ ಸೆಪ್ಟೆಂಬರ್ ೨೦೨೫, ಸೋಮವಾರ. ಬೆಳಿಗ್ಗೆ.

ಚಹಾ ಉಕ್ಕಿತು. ಮತ್ತೆ ಇಟ್ಟೆ. ಸ್ನಾನ, ವಿಭೂತಿ, ಆಮೇಲೆ ಹೆಂಡತಿ ದಾನವ್ವ ಇರುತ್ತಿದ್ದ ಕೋಣೆ — ಇದೇ ಕ್ರಮ. ಕಂಪ್ಯೂಟರ್ ಪೆಟ್ಟಿಗೆ ಒರೆಸಿದೆ. ಫ್ಯಾನಿನ ಗುಂಯ್ ಸದ್ದು ಇದೆ. ಹಸಿರು ದೀಪ ಇದೆ. ಆಲ್ ಕ್ಲಿಯರ್.

ಪರದೆಯ ಮೇಲೆ ಅವಳ ಹೆಸರು ಬರೆದು ಹುಡುಕಿದೆ. ಬಂದಳು. ಮೊದಲು ಹಾಡುಗಳು, ಕೆಳಗೆ ನಾನು ಟೈಪ್ ಮಾಡಿದ ಟಿಪ್ಪಣಿಗಳು. ದಿನಕ್ಕೊಂದು ಓದುತ್ತೇನೆ, ಹೆಚ್ಚಿಲ್ಲ. ಇವತ್ತಿನದು ಅಕ್ಕಸಾಲಿಗನ ಹಾಡು. ಅದರ ಕೆಳಗೆ ಅವಳು ಹೇಳಿದ್ದು — ಮೂಗುತಿ ಕಳೆದುಹೋಯಿತೆಂದು ಮೂರು ದಿನ ಅತ್ತಳಂತೆ, ಕೊನೆಗೆ ಅದು ಹಿಟ್ಟಿನಲ್ಲಿ ಸಿಕ್ಕಿತಂತೆ, ರೊಟ್ಟಿ ಮಾಡಿ... ಮುಂದಿನದನ್ನು ಹಬ್ಬದ ಮರುದಿನಕ್ಕೆ ಉಳಿಸಿದೆ. ಖರ್ಚಾಗಬಾರದು.

ಮಹಡಿಯ ಮೇಲೆ ಬಾಡಿಗೆಗಿರುವ ಚಿನ್ಮಯೀ ಒಂದಕ್ಕೊಂದು ಜೋಡಿಸಿದ ಈ ಪೆಟ್ಟಿಗೆಗಳಿಗೆ ಕ್ಲಸ್ಟರ್ ಅನ್ನುತ್ತಾಳೆ. ಹುಬ್ಬಳ್ಳಿಯಲ್ಲಿ ನೌಕರಿ, ಬಿಡುವಿನಲ್ಲಿ ಈ ಸಂಗ್ರಹದ ಕೆಲಸ — ಹಳ್ಳಿಯ ಹೆಂಗಸರು ಹಾಡಿದ ಬೀಸುವ ಹಾಡು, ಯಾರು ಬೇಕಾದರೂ ಹುಡುಕಿ ಕೇಳಬಹುದು. ಕ್ಲಸ್ಟರ್ ಅಂದರೆ ದ್ರಾಕ್ಷಿ ಗೊಂಚಲು ಅಂತ ಪಿ.ಯು.ಸಿ.ಯಲ್ಲಿ ಓದಿದ್ದೆ. ಒಂದೊಂದು ಪೆಟ್ಟಿಗೆಗೆ ನೋಡ್ ಅನ್ನುತ್ತಾಳೆ. ಅದೂ ಗೊತ್ತು. ಬಾಟನಿ. ಕಬ್ಬಿನ ಗೆಣ್ಣು. ನೋಡ್ ಆಂಡ್ ಇಂಟರ್‌ನೋಡ್, ನೀಟ್ ಡಯಾಗ್ರಮ್ ನೆಸೆಸರಿ. ಆ ವರ್ಷ ಫೇಲಾಗಿ ಬಿ.ಎ.ಗೆ ಹೋದೆ, ಆದರೆ ಡಯಾಗ್ರಮ್ ಇನ್ನೂ ಕಣ್ಣಮುಂದಿದೆ.

ನಮ್ಮ ಗೊಂಚಲಿಗೆ ಮೂರು ಪೆಟ್ಟಿಗೆ. ಒಂದು ಇಲ್ಲಿ, ಸಪ್ತಾಪುರದಲ್ಲಿ. ಒಂದು ಅಮರಗೋಳದಲ್ಲಿ, ನಾನು ಮೊದಲು ಹತ್ತಿ ಅಡತಿಯ ದಲಾಲಿ ನಡೆಸುತ್ತಿದ್ದ ಅಂಗಡಿಯಲ್ಲಿ. ಈಗ ಅಲ್ಲಿ ಹಜರತಅಲಿ ತಕ್ಕಡಿ ರಿಪೇರಿ ಮಾಡುತ್ತಾನೆ. ಮೂರನೆಯದು ಹೆಬ್ಬಳ್ಳಿಯಲ್ಲಿ, ದಾನವ್ವನ ತವರು ಮನೆಯಲ್ಲಿ, ಅವಳ ತಮ್ಮ ಶಿವಯೋಗೀಶನ ಹತ್ತಿರ. ಒಂದು ಕಡೆ ಕರೆಂಟು ಹೋದರೆ ಇನ್ನೆರಡು ನಡೆಸಿಕೊಂಡು ಹೋಗುತ್ತವೆ. ಮೂವರು ಅಣ್ಣತಮ್ಮಂದಿರ ಹೊಲದ ಹಾಗೆ. ಇವು ಜಗಳಾಡುವುದಿಲ್ಲ, ಅಷ್ಟೇ ಫರಕು.

೧ ಅಕ್ಟೋಬರ್, ಬುಧವಾರ. ಖಂಡೇಪೂಜೆ.

ಬೆಳಿಗ್ಗೆಯೇ ಪೆಟ್ಟಿಗೆ ಬಂದ್ ಮಾಡಿದೆ. ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಎಳೆದು, ಚೆಂಡು ಹೂವಿನ ಮಾಲೆ. ಪಕ್ಕದಲ್ಲಿ ಈಳಿಗೆ, ಅವಳ ಕತ್ತರಿ, ನನ್ನ ಹಳೆಯ ಸ್ಕೂಟರಿನ ಕೀಲಿ. ಇವತ್ತು ಆಯುಧಪೂಜೆ, ಯಾವ ಸಾಮಾನನ್ನೂ ದುಡಿಸುವ ಹಾಗಿಲ್ಲ. ಅಡತಿ ಇದ್ದಾಗ ತಕ್ಕಡಿಗೆ ಹೂವೇರಿಸಿ ಇಡೀ ದಿನ ಮುಟ್ಟುತ್ತಿರಲಿಲ್ಲ. ಹತ್ತಿಯ ಗಾಡಿ ಬಂದರೂ ನಾಳೆ ಬಾ ಅನ್ನುತ್ತಿದ್ದೆವು.

ಶಿವಯೋಗೀಶನ ಫೋನು. "ಮಾಮಾರ, ನಮ್ಮದಕ್ಕೂ ಪೂಜಿ ಆತ್ರಿ. ಟ್ರ್ಯಾಕ್ಟರ್ ಬಾಜೂಕ ಕುಂದ್ರಿಸೇನಿ, ಮದುಮಗಳಾಗೇತಿ." ಹಜರತಅಲಿಗೆ ನಾನೇ ಮಾಡಿದೆ. "ಪ್ಯಾಟಿ ಎಲ್ಲಾ ಮಾಡತೈತಿ, ನಾ ಒಬ್ಬಾವ ಬಿಡ್ಲೇನ್ರಿ ಸಾವಕಾರ್ರ? ಬಂದ್ ಮಾಡಿ ಹೂವಾ ಹಾಕೇನಿ. ಹೋಳಿಗಿ ಕಳಸ್ರಿ."

ಚಿನ್ಮಯೀ ಊರಿಗೆ ಹೋಗಿದ್ದಾಳೆ, ಬಾಗಲಕೋಟೆಗೆ. ಇದ್ದಿದ್ದರೆ ಕುಂಕುಮ ಅವಳ ಕೈಯಿಂದಲೇ ಹಚ್ಚಿಸುತ್ತಿದ್ದೆ.

ಮಧ್ಯಾಹ್ನ ಮಲಗಿದೆ. ನಿದ್ದೆ ಬರಲಿಲ್ಲ. ಗುಂಯ್ ಸದ್ದಿಲ್ಲದೆ ಮನೆ ದೊಡ್ಡದಾಯಿತು.

೨ ಅಕ್ಟೋಬರ್. ಬನ್ನಿ. ಸಂಜೆ.

ಬನ್ನಿ ಕೊಡಲು ಬಂದವರಿಗೆಲ್ಲ ಏನು ಮಾತಾಡಿದೆನೋ ನೆನಪಿಲ್ಲ.

ಬೆಳಿಗ್ಗೆ ಚಾಲೂ ಮಾಡಿದೆ. ನಮ್ಮದು ಎದ್ದಿತು. ಅಮರಗೋಳದ್ದು ಎದ್ದಿತು. ಹೆಬ್ಬಳ್ಳಿಯದು ಏಳಲಿಲ್ಲ. ಶಿವಯೋಗೀಶ ಬಟನ್ ಒತ್ತಿದ, ವಯರು ತೆಗೆದು ಹಾಕಿದ, ಊದುಬತ್ತಿಯನ್ನೂ ಹಚ್ಚಿದನಂತೆ. ಒಳಗೆ ಟಕ್ ಟಕ್ ಅನ್ನುತ್ತದೆ, ತಿರುಗುವುದಿಲ್ಲ.

ಪರದೆಯ ಮೂಲೆಯಲ್ಲಿ ಯಾವಾಗಲೂ ಗ್ರೀನ್ ಇರುತ್ತಿತ್ತು. ಇವತ್ತು ರೆಡ್.

ಅವಳ ಹೆಸರು ಬರೆದೆ. ಹಾಡು ಬಂದವು. ಕೆಳಗೆ ಖಾಲಿ. ಮತ್ತೆ ಬರೆದೆ. ಖಾಲಿ.

೪ ಅಕ್ಟೋಬರ್, ಶನಿವಾರ.

ಚಿನ್ಮಯೀ ಬಂದಳು. ಚೀಲ ಮಹಡಿಗೂ ಒಯ್ಯದೆ ಸೀದಾ ಕೋಣೆಗೆ. ಬಹಳ ಹೊತ್ತು ಟೈಪ್ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ —

"ಕಾಕಾ, ಮೂರೂ ಬಂದ್ ಮಾಡಿದ್ರಿ?"

"ಖಂಡೇಪೂಜಿ ಅಲ್ಲೇನವಾ."

"ಮೂರು ಮನ್ಯಾಗ ಇಟ್ಟದ್ದೇ ಯಾಕ ಹೇಳ್ರಿ? ಒಂದು ಮಲಗಿದ್ರ ಎರಡು ಎಚ್ಚರ ಇರ್ಲಿ ಅಂತ. ನೀವು ಮೂರಕ್ಕೂ ಮಾಲಿ ಹಾಕಿ ಮಲಗಿಸೀರಿ!"

"ತಕ್ಕಡಿಗೆ ಬಿಡುವು ಕೊಡ್ತೀವಿ, ಎತ್ತಿಗೆ ಕೊಡ್ತೀವಿ. ಇದಕ್ಕ ಬ್ಯಾಡೇನು?"

ನಗು ಬಂತು ಅವಳಿಗೆ, ಕೂಡಲೇ ನಿಂತಿತು. ತಲೆ ತಗ್ಗಿಸಿ ಹೇಳಿದಳು. ಹಾಡುಗಳ ಪ್ರತಿಗಳು ಎರಡೆರಡು ಕಡೆ ಇದ್ದವು. ಹೆಬ್ಬಳ್ಳಿ ಬಿದ್ದರೂ ಉಳಿದೆರಡು ಪೆಟ್ಟಿಗೆಗಳು ತಮ್ಮೊಳಗೆ ನಕಲು ಮಾಡಿಕೊಂಡು ಸುಧಾರಿಸಿಕೊಂಡಿವೆ. ಟಿಪ್ಪಣಿಗಳದ್ದು ಹಾಗಲ್ಲ. ಬೇಸಿಗೆಯಲ್ಲಿ ನಮ್ಮದೂ ಅಮರಗೋಳದ್ದೂ ತುಂಬಿದ್ದವು, ಹೆಬ್ಬಳ್ಳಿಯಲ್ಲಿ ಜಾಗ ಇತ್ತು. ಎಲ್ಲ ಟಿಪ್ಪಣಿಗಳನ್ನು ಅಲ್ಲಿಗೆ ಸಾಗಿಸಿದಳು. ಒಂದೇ ಪ್ರತಿ. ಬ್ಯಾಕಪ್ಪೂ ಅದೇ ಡಿಸ್ಕಿನಲ್ಲಿ.

"ದಸರಾ ಆದಮ್ಯಾಲೆ ಇನ್ನೊಂದು ಪ್ರತಿ ಮಾಡಬೇಕಂತಿದ್ದೆ ಕಾಕಾ. ತಪ್ಪು ನಂದು."

ಮಂಡಕ್ಕಿ ಕೊಟ್ಟೆ. ತಿನ್ನಲಿಲ್ಲ ಹುಡುಗಿ.

ಹಾಡು ಎಲ್ಲಿಗೂ ಹೋಗಿಲ್ಲ. ಹಾಡಿನ ನಡುವೆ ದಾನವ್ವ ಆಡಿದ ಮಾತು ಹೋಗಿದೆ. ಕೊನೆಯ ವರ್ಷ, ದಿನಾ ಸಂಜೆ, ಕಾಲು ಚಾಚಿ ಕೂತು ಹೇಳುತ್ತಿದ್ದಳು — ಇದು ಯಾವ ಸುಗ್ಗಿಯದು, ಇದನ್ನು ಹಾಡುವಾಗ ಯಾರು ಅತ್ತರು, ಯಾರು ಬಯ್ದರು. ನಾನು ಒಂದು ಬೆರಳಿನಿಂದ ಟೈಪ್. "ಲಗೂ ಬರೀರಿ, ಮರತಹೋಗ್ತೈತಿ" ಅನ್ನುವಳು. ಕಾಗದ ಇಲ್ಲ. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ಕಂಪ್ಯೂಟರ್ ಈಸ್ ಪರ್ಮನೆಂಟ್ ಎಂದು ಅವಳಿಗೆ ಹೇಳಿದವನು ನಾನೇ.

೬ ಅಕ್ಟೋಬರ್.

ಶಿವಯೋಗೀಶ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಮೋಟರ್‌ಸೈಕಲ್ ಮೇಲೆ ತಂದ. ಮುಖ ಸಣ್ಣದಾಗಿತ್ತು. ಚಿನ್ಮಯೀಯೂ ರಜೆ ಹಾಕಿದಳು. ಎಲ್ಲರೂ ಅಮರಗೋಳಕ್ಕೆ.

ನನ್ನ ಗಾದಿ ಇದ್ದ ಜಾಗದಲ್ಲಿ ಈಗ ಎಲೆಕ್ಟ್ರಾನಿಕ್ ತಕ್ಕಡಿಗಳ ರಾಶಿ. ಹತ್ತಿಯ ವಾಸನೆ ಮಾತ್ರ ಗೋಡೆಯಿಂದ ಹೋಗಿಲ್ಲ. ದಾನವ್ವ ಮದುವೆಯಾದ ಹೊಸತರಲ್ಲಿ ಬುತ್ತಿ ತಂದು ಇಲ್ಲೇ ಹತ್ತಿ ತುಂಬಿದ ಅಂಡಿಗೆ ಮೂಟೆಗಳ ಮೇಲೆ ಕೂರುತ್ತಿದ್ದಳು. ಸೀರೆಗೆಲ್ಲ ಅರಳೆ. ಮನೆಗೆ ಹೋಗುವಾಗ ಟಾಂಗಾದವನು, "ಅಕ್ಕಾರ, ಹಿಂಜಿದ ಹತ್ತಿ ಹೊತ್ಕೊಂಡ ಹೊಂಟೀರೇನು" ಅಂದಿದ್ದ...

ವಿಷಯಕ್ಕೆ ಬರಬೇಕು. ಹಜರತಅಲಿ ಡಿಸ್ಕನ್ನು ಕಿವಿಗೆ ಹಿಡಿದ.

"ಸಾವಕಾರ್ರ, ಇದು ಚಾಲೂ ಆದಾಗಿಂದ ನಿಂತಿದ್ದಿಲ್ಲ. ಬಿಸಿ ಇದ್ದದ್ದು ಒಮ್ಮಿ ತಣ್ಣಗಾತು. ಒಳಗ ಕಚ್ಚಿಕೊಂಡೈತಿ."

"ಬಿಡಿಸಾಕ ಬರೂದಿಲ್ಲೇನು?"

"ನನ್ನ ಕೆಲಸ ತಕ್ಕಡಿದು. ಇದನ್ನ ಬಿಚ್ಚಿದ್ರ ಇರೋದೂ ಹೊಕ್ಕೈತಿ."

ಚಿನ್ಮಯೀ ಪರಿಚಯದವರೊಬ್ಬರಿಗೆ ಕಳಿಸುತ್ತೇನೆ ಎಂದಳು. ದೊಡ್ಡ ಆಸೆ ಬೇಡ ಅಂತಲೂ ಎಂದಳು.

ಶಿವಯೋಗೀಶ ಹೊರಗೆ ಬಂದು, "ನಾ ಬಂದ್ ಮಾಡಬಾರದಾಗಿತ್ರಿ ಮಾಮಾರ. ಓಡಾಕತ್ತಿತ್ತು, ಓಡ್ಲಿ ಅಂತ ಬಿಡಬೇಕಿತ್ತು" ಎಂದ. ಅವನ ಹೆಗಲ ಮೇಲೆ ಕೈ ಇಟ್ಟೆ. ಅವನ ಅಕ್ಕನೂ ಹಾಗೇ. ಒಂದು ದಿನ ಕೂತವಳಲ್ಲ. ಜ್ವರ ಬಂದಾಗ, ಇವತ್ತೊಂದು ದಿನ ಮಲಗು, ಒಲೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಮಲಗಿದಳು...

ಇವನಿಗೆ ಇದನ್ನು ಹೇಳಲಿಲ್ಲ.

೧೦ ಅಕ್ಟೋಬರ್, ಶುಕ್ರವಾರ. ಸಂಜೆ.

ಡಿಸ್ಕು ಸತ್ತಿದೆ. ಕಳಿಸಿದಲ್ಲಿಂದ ಚಿನ್ಮಯೀಗೆ ಫೋನು ಬಂತು. ಮೇಲ್ಮೈ ಎಲ್ಲ ಗೀರಿದೆಯಂತೆ.

ಹೆಬ್ಬಳ್ಳಿಗೆ ಬೇರೆ ಪೆಟ್ಟಿಗೆ ತಯಾರು ಮಾಡಿದ್ದಾಳೆ. ಆದರೂ ಟಿಪ್ಪಣಿಯ ಜಾಗ ರೆಡ್ ಬಿಟ್ಟು ಸರಿಯುವುದಿಲ್ಲ. ಪೆಟ್ಟಿಗೆಗಳು ಆ ಕಳೆದುಹೋದ ಪ್ರತಿಗಾಗಿ ಕಾಯುತ್ತಲೇ ಇವೆಯಂತೆ. ಅದು ಇನ್ನು ಬರುವುದಿಲ್ಲ ಎಂದು ಮನುಷ್ಯರೇ ಹೇಳಬೇಕು. ಹೇಳಿದರೆ ಖಾಲಿ ಜಾಗವೊಂದನ್ನು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಹೇಳುವವರೆಗೆ ಅಲ್ಲಿ ಒಂದಕ್ಷರವನ್ನೂ ಬರೆಯಲು ಬಿಡುವುದಿಲ್ಲ.

ಆ ಸಾಲನ್ನು ತೋರಿಸಿದಳು. ಇಂಗ್ಲಿಷಿನಲ್ಲಿತ್ತು. ನಾನೇ ಓದಿದೆ. ಆಕ್ಸೆಪ್ಟ್ ಡೇಟಾ ಲಾಸ್. ಎದುರಿಗೆ ಟ್ರೂ.

"ನಾ ಒತ್ತೂದಿಲ್ಲ ಕಾಕಾ. ಅವು ನಿಮ್ಮವು. ನೀವು ಹೂಂ ಅಂದಾಗ."

"ಇವತ್ತ ಬ್ಯಾಡ."

"ಆತು."

ಆಕ್ಸೆಪ್ಟ್. ಕಾಲೇಜಿನಲ್ಲಿ ಆಕ್ಸೆಪ್ಟ್, ಎಕ್ಸೆಪ್ಟ್ — ಎರಡರ ಫರಕು ಕೇಳಿ ಸರ್ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಆಗಲೂ ಉತ್ತರ ಬಂದಿರಲಿಲ್ಲ.

ರೆಡ್ ಇರಲಿ. ಕಾಯುತ್ತಿರಲಿ. ಕಾಯುವುದರಲ್ಲಿ ತಪ್ಪೇನು.

೧೩ ಅಕ್ಟೋಬರ್.

ನೆನಪು ಮಾಡಿಕೊಂಡು ಮತ್ತೆ ಬರೆದರಾಯಿತು ಅಂದುಕೊಂಡಿದ್ದೆ. ಬೆಳಿಗ್ಗೆಯಿಂದ ಕೂತೆ.

ಮೂಗುತಿ ಹಿಟ್ಟಿನಲ್ಲಿ ಸಿಕ್ಕಿತು. ಸರಿ. ಯಾರಿಗೆ ಸಿಕ್ಕಿತು? ರೊಟ್ಟಿಯಲ್ಲೋ, ಜರಡಿಯಲ್ಲೋ? ರೊಟ್ಟಿ ಯಾರ ತಾಟಿನದು? ಓದಬೇಕಾಗಿದ್ದ ಅರ್ಧವನ್ನು ಹಬ್ಬದ ಮರುದಿನಕ್ಕೆ ಉಳಿಸಿದ್ದೆನಲ್ಲ — ಅದೇ ಹೋಗಿದೆ. ನಾನೇ ಟೈಪ್ ಮಾಡಿದ್ದು! ಟೈಪ್ ಮಾಡಿದೆ, ಇನ್ನು ಚಿಂತೆಯಿಲ್ಲ ಎಂದು ತಲೆಯಿಂದ ಇಳಿಸಿಬಿಟ್ಟಿದ್ದೆ. ಅವಳ ಧ್ವನಿ ನೆನಪಿದೆ, ಕೈ ಆಡಿಸುತ್ತಿದ್ದುದು ನೆನಪಿದೆ, ನಗುವಾಗ ಸೆರಗು ಬಾಯಿಗೆ ಒತ್ತುತ್ತಿದ್ದುದು. ಮಾತು ಮಾತ್ರ ಇಲ್ಲ. ರೇಡಿಯೋ ಹಚ್ಚಿದ ಹಾಗಿದೆ, ಸ್ಟೇಷನ್ ಹಿಡಿಯುತ್ತಿಲ್ಲ.

ಮಧ್ಯಾಹ್ನ ಅಡುಗೆ ಮಾಡಲಿಲ್ಲ. ಚಿನ್ಮಯೀ ಡಬ್ಬಿಯಲ್ಲಿ ಉಪ್ಪಿಟ್ಟು ಇಟ್ಟುಹೋಗಿದ್ದಳು.

೧೬ ಅಕ್ಟೋಬರ್, ಗುರುವಾರ.

ಹೊಸ ಪೆಟ್ಟಿಗೆ ಕೂಡಿಸಲು ಚಿನ್ಮಯೀ ಹೆಬ್ಬಳ್ಳಿಗೆ ಹೊರಟಳು. "ನೀವೂ ಬರ್ರಿ ಕಾಕಾ." ಬೇಡ ಎಂದೆ. ದಾನವ್ವ ಹೋದ ಮೇಲೆ ಆ ಊರಿನ ಕಡೆ ತಲೆ ಹಾಕಿಲ್ಲ. ಶಿವಯೋಗೀಶನೇ ಬಂದು ಹೋಗಿ ಮಾಡುತ್ತಾನೆ. "ಗಾಡಿ ಮ್ಯಾಲೆ ಪೆಟಗಿ ಯಾರ ಹಿಡೀಬೇಕು ಮತ್ತ?" ಎಂದಳು. ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಅವಳ ಸ್ಕೂಟಿಯ ಹಿಂದೆ ಕೂತೆ. ದಾರಿಯುದ್ದ ಹಿಂಗಾರಿ ಜೋಳದ ಬಿತ್ತನೆ. ಎರೆ ಹೊಲದ ಹಸಿ ವಾಸನೆ.

ಶಿವಯೋಗೀಶನ ಮನೆಯ ಒಳಗೆ ಅವನೂ ಚಿನ್ಮಯೀಯೂ ವಯರು ಜೋಡಿಸುತ್ತಿದ್ದರು. ನಾನು ಪಡಸಾಲೆಯ ಮೂಲೆಯ ಬೀಸುಕಲ್ಲಿನ ಹತ್ತಿರ ಕೂತೆ. ಗೂಟ ಕೈಯಾಡಿ ಆಡಿ ನುಣುಪಾಗಿದೆ.

"ಅಳ್ಯಾರ ಬಂದಾರಂತ! ಖರೇನ?"

ಬಿಬಿಜಾನ. ಓಣಿಯ ಆಚೆ ಮನೆ. ದಾನವ್ವನ ಜೊತೆಗಾತಿ. ಮದುವೆಗೆ ಮುಂಚೆ ದಿನಾ ನಸುಕಿಗೆ ಇಬ್ಬರೂ ಇದೇ ಕಲ್ಲಿಗೆ ಎದುರುಬದುರು ಕೂತು ಬೀಸುತ್ತಿದ್ದರೆಂದು ಕೇಳಿದ್ದೆ. ಈಗ ಕೋಲು ಹಿಡಿದಿದ್ದಾಳೆ. ನಾಲಿಗೆಗೆ ಕೋಲು ಬೇಕಾಗಿಲ್ಲ.

"ಎರಡು ವರ್ಷ ಆತು. ಹೇಣ್ತಿ ಹ್ವಾದ್ಲು, ಊರೂ ಹೋತೇನು ನಿಮಗ?"

ಕ್ಷಮಿಸು ಎಂದೆ. ಪೆಟ್ಟಿಗೆಯ ಸಂಗತಿ ಎಲ್ಲ ಹೇಳಿದೆ. ಮೂಗುತಿಗೆ ಬಂದು ನಿಂತೆ.

"ಅಯ್ಯ, ಅದು ನಂಗ ಸಿಕ್ಕಿತ್ತು! ರೊಟ್ಟ್ಯಾಗ ಅಲ್ಲ, ಜರಡ್ಯಾಗ. ಒಂದು ದಿನ ಮುಚ್ಚಿಟ್ಟು ಕಾಡಿಸೇನಿ ಆಕೀನ."

"ರೊಟ್ಟಿ ಅಂತ ಏನೋ ಆಕಿ ಹೇಳಿದಂಗ ನೆನಪು."

"ಆಕಿ ಹೇಳ್ತಾಳ! ಹಿಟ್ಟು ಜರಡಿ ಹಿಡದಾಕಿ ನಾನು. ಕಲ್ಲಿನ ಆ ಕಡೆ ಆಕಿ, ಈ ಕಡೆ ನಾನು. ಎರಡು ಸಾಲು ನಾ ಒಗದ್ರ ಮೂರನೇದು ಆಕಿ ಹಿಡೀಬೇಕು. ಹಿಡೀಲಿಲ್ಲಂದ್ರ ಕಲ್ಲು ನಿಂತಬಿಡತೈತಿ. ನಂಗ ಗೊತ್ತಿರಲಾರದ್ದು ಏನೈತಿ ಆಕೀದು?"

ಚಿನ್ಮಯೀ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೆಲ್ಲಗೆ ಫೋನು ತೆಗೆದು ರೆಕಾರ್ಡಿಂಗ್ ಹಚ್ಚಿದಳು.

ಹಾಡಿನ ಮೊದಲ ಸಾಲು ನಾನು ಹೇಳಿದರೆ ಸಾಕು, ಬಿಬಿಜಾನ ಅದರ ಜಾತಕವನ್ನೇ ಬಿಚ್ಚುತ್ತಿದ್ದಳು. ಕೆಲವು ನಾನು ಬರೆದಂತೆಯೇ ಇದ್ದವು — ಕೇಳಿದ ಕೂಡಲೇ ದಾನವ್ವನ ಮಾತು ಗಂಟಲಿಗೆ ಬಂತು. ಕೆಲವು ಬೇರೆ. ಆಮೇಲೆ ನಾನು ಛತ್ರಿಯ ಹಾಡು ಕೇಳಿದೆ. ಅದರ ಟಿಪ್ಪಣಿ ಮಾತ್ರ ನನಗೆ ಪೂರಾ ನೆನಪಿತ್ತು, ಯಾಕೆಂದರೆ ಒಂದೇ ಸಾಲಿನದು. 'ಹಳೆಯ ಹಾಡು, ಕಟ್ಟಿದವರು ತಿಳಿಯದು.' ದಾನವ್ವ ಹೇಳಿದ್ದೇ ಅಷ್ಟು. ಯಾರೋ ಕಟ್ಯಾರ ಬಿಡ್ರಿ, ಮುಂದಿಂದು ಬರೀರಿ ಅಂದಿದ್ದಳು.

ಬಿಬಿಜಾನ ಕೋಲಿನ ಮೇಲೆ ಗದ್ದ ಊರಿ ಹಾಡಿದಳು.

ಮೋಡಿಲ್ಲ ಮಳಿಯಿಲ್ಲ ಕೊಡಿ ಬಿಚ್ಚಿ ಬಂದಾನ
ನೋಡಾಕ ಬಂದಾ ಸರದಾರ — ಗೆಳತೆವ್ವ
ಕೂಡ್ಲೇನ ಹೇಳಾ ನೆರಳಾಗ

"ಇದು ಯಾರದು ಗೊತ್ತೈತೇನು?"

"ಹಳೇದು."

"ಹೌದೌದು, ಹಳೇದು! ನೀವು ಕನ್ಯಾ ನೋಡಾಕ ಬಂದಾಗಿಂದು!" ನಕ್ಕು ನಕ್ಕು ಕೆಮ್ಮಿದಳು. "ಬ್ಯಾಸಗಿ ಬಿಸಲಾಗ ಹೊಸಾ ಕೊಡಿ. ಪಡಸಾಲ್ಯಾಗ ಬಂದ್ರೂ ಮಡಚಲಿಲ್ಲ ನೀವು. ಬೆಳಗಿನ ಹೊತ್ತು ಮಾವಗ ಅದೇನೋ ಗುಡ್ಡಿವನಿಂಗ ಅಂದ್ರಿ. ನಾವಿಬ್ರೂ ಇದ ಕಲ್ಲಿನ ಹಿಂದ ಕುಂತು ನೋಡಾಕತ್ತಿದ್ವಿ. ಮರುದಿನ ನಸಿಕಿನ್ಯಾಗ ಎರಡು ಸಾಲು ನಾ ಕಟ್ಟಿ ಒಗದ್ಯಾ, ಚಾಷ್ಟಿ ಮಾಡಾಕ. ಮೂರನೇದು ಆಕಿ ಹಿಡದ್ಲು. ಹಿಡದು ಸುಮ್ನಾಗಿಬಿಟ್ಲು. ಆಗ ನಂಗ ತಿಳೀತು, ಈಕಿ ಹೂಂ ಅನ್ನಾಕಿ ಅಂತ."

ಚಿನ್ಮಯೀ, "ಕಾಕಾ, ಮಡಚಲಿಲ್ಲ ಯಾಕ?"

"ಖಟಕಿ ಸಿಕ್ಕಿಬಿದ್ದಿತ್ತು" ಎಂದೆ. ನಿಜವೇ ಅದು. ಹೊಸ ಛತ್ರಿ, ಖಟಕಿಯ ಗುಂಡಿ ಒತ್ತಿದರೂ ಮಡಚಲು ಬರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ.

ಸಂಸಾರ ಪೂರ್ತಿ ಅವಳು ಇದನ್ನು ನನ್ನ ಮುಂದೆಯೇ ಹಾಡಿದ್ದಾಳೆ. ಅಕ್ಕಿ ಆರಿಸುವಾಗ, ಬಟ್ಟೆ ಒಣಹಾಕುವಾಗ. ಸಂಗ್ರಹದ ಮೈಕಿನ ಎದುರು ಹಾಡಿದ ದಿನ ನಾನು ಪಕ್ಕದಲ್ಲೇ ಕೂತು ತಲೆದೂಗಿದ್ದೆ. ಸೆರಗು ಬಾಯಿಗೆ ಒತ್ತಿದ್ದಳು. ಕೆಮ್ಮು ಅಂದುಕೊಂಡು ನೀರು ಕೊಟ್ಟಿದ್ದೆ.

೧೮ ಅಕ್ಟೋಬರ್. ಬೆಳಿಗ್ಗೆ.

ಚಹಾ ಉಕ್ಕಲಿಲ್ಲ. ಸ್ನಾನ, ವಿಭೂತಿ, ಕೋಣೆ.

ಚಿನ್ಮಯೀಯನ್ನು ಮಹಡಿಯಿಂದ ಕರೆದೆ. ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆ ಹಿಡಿದೇ ಇಳಿದು ಬಂದಳು.

"ಆ ಸಾಲು ತಗೀವಾ."

"ಒತ್ತಿದ್ರ ಹಳೇವು ಮತ್ತ ಬರೂದಿಲ್ಲ ಕಾಕಾ. ಗೊತ್ತದ ಅಲ್ಲ?"

"ಗೊತ್ತೈತಿ. ಒತ್ತಲಿಲ್ಲಂದ್ರ ಬಿಬಿಜಾನ ಹೇಳಿದ್ದು ಎಲ್ಲಿ ಬರೀಲಿ? ಆಕಿಗೂ ವಯಸ್ಸಾತು."

ಒಂದು ಬೆರಳಿನಿಂದ ಒತ್ತಿದೆ. ರೆಡ್ ಹೋಯಿತು. ಸ್ವಲ್ಪ ಹೊತ್ತು ಯೆಲ್ಲೋ. ಅಂದರೆ ಜಾಗ ಆಗಿದೆ, ನಕಲು ಇನ್ನೂ ಆಗಿಲ್ಲ. ಹೆಬ್ಬಳ್ಳಿಯ ಹೊಸ ಪೆಟ್ಟಿಗೆ ಕೈ ಚಾಚಿತು, ಅಮರಗೋಳದ್ದು ಚಾಚಿತು. ಆಮೇಲೆ ಗ್ರೀನ್. ಚಿನ್ಮಯೀ ನಿಟ್ಟುಸಿರುಬಿಟ್ಟಳು. ಕಣ್ಣೊರೆಸಿಕೊಂಡಳೋ, ಕೂದಲು ಸರಿಸಿಕೊಂಡಳೋ.

"ಪ್ರತಿ ಎಷ್ಟ ಕಡೆ ಇರ್ಲಿ?"

"ಮೂರೂ ಮನ್ಯಾಗ. ಬ್ಯಾಕಪ್ಪು ಬ್ಯಾರೆ ಕಡೆ. ದಸರಾಕ್ಕ ಮುಂದ ಹಾಕಬ್ಯಾಡ."

"ಬರೋ ವರ್ಷ ಖಂಡೇಪೂಜಿಗೆ?"

"ಹೂವಾ ಏರಿಸೂದು. ಮಲಗಿಸೂದಲ್ಲ."

ಅವಳ ಹೆಸರು ಬರೆದೆ. ಹಾಡು ಬಂದವು. ಕೆಳಗೆ ಖಾಲಿ. ಮೊದಲನೆಯ ಟಿಪ್ಪಣಿ ಹಾಕಿದೆ — ಛತ್ರಿಯ ಹಾಡು. ಎರಡು ಸಾಲು ಬಿಬಿಜಾನನದು, ಮೂರನೆಯದು ದಾನವ್ವನದು. ಖಟಕಿಯ ವಿಷಯವನ್ನೂ ಸೇರಿಸಿದೆ. ಹಿಸ್ಟಾರಿಕಲ್ ಫ್ಯಾಕ್ಟ್.

೨೨ ಅಕ್ಟೋಬರ್, ಪಾಡ್ಯ. ಹೆಬ್ಬಳ್ಳಿ. ಬೆಳಿಗ್ಗೆ.

ನಿನ್ನೆಯೇ ಬಂದೆ, ಚಿನ್ಮಯೀಯೂ ಜೊತೆಗೆ. ಶಿವಯೋಗೀಶನ ಮನೆಯ ಅಂಗಳದಲ್ಲಿ ದೀಪಾವಳಿಗೆಂದು ಮಾಡಿದ ಸೆಗಣಿಯ ಪಾಂಡವರು, ಮೇಲೆ ಚೆಂಡು ಹೂವು. ಒಳಗೆ ಹೊಸ ಪೆಟ್ಟಿಗೆ ಗುಂಯ್ ಅನ್ನುತ್ತಿದೆ. ಅವನು ದಾಟುವಾಗೆಲ್ಲ ಅದಕ್ಕೊಂದು ಸಲ ಕಿವಿಗೊಡುತ್ತಾನೆ.

ಬಿಬಿಜಾನ ಕಲ್ಲು ತೊಳೆಸಿಟ್ಟಿದ್ದಾಳೆ. ಹಿಡಿ ಜೋಳ ತಂದಿದ್ದಾಳೆ. ಬರೀ ಬಾಯಿಯಿಂದ ಹಾಡಿದರೆ ಅರ್ಧ ಹಾಡು ನೆನಪಾಗುವುದಿಲ್ಲವಂತೆ, ಕಲ್ಲು ತಿರುಗಬೇಕಂತೆ. ಒಬ್ಬಳಿಗೆ ಈ ಕಲ್ಲು ಈಗ ತಿರುಗದು. ಚಿನ್ಮಯೀ ಕೂರುತ್ತೇನೆ ಎಂದಳು. "ನೀ ಫೋನ್ ಹಿಡಿಯವಾ. ಆಕೀ ಜಾಗಾಕ್ಕ ಅಳ್ಯಾರು ಕುಂದರ್ಲಿ."

ನಾನು ಕಲ್ಲು ಮುಟ್ಟಿದವನಲ್ಲ. ಹಾಡೂ ಬರುವುದಿಲ್ಲ. ಹೇಳಿ ನೋಡಿದೆ.

"ಅಷ್ಟು ವರ್ಷ ಕೇಳೀರೋ ಇಲ್ಲೋ?"

ಕೇಳಿದ್ದೇನೆ.

ದಾನವ್ವ ಕೂರುತ್ತಿದ್ದ ಕಡೆ ಕೂತಿದ್ದೇನೆ. ಗೋಡೆಗೆ ಬೆನ್ನು, ತೊಡೆಯ ಮೇಲೆ ಈ ದಿನಚರಿ. ಇಲ್ಲಿಂದ ಬಾಗಿಲು ನೇರ ಕಾಣುತ್ತದೆ — ಛತ್ರಿ ಹಿಡಿದು ಬಂದವನು ಪೂರಾ ಕಂಡಿರಬೇಕು. ಬಿಬಿಜಾನ ಜೋಳ ಹಾಕಿದಳು. ನನಗೆ ಗೊತ್ತಿಲ್ಲದ ಹಾಡು, ಎರಡು ಸಾಲು ಬಂದಾಯಿತು, ಮೂರನೆಯದಕ್ಕೆ ನನ್ನ ಮುಖ ನೋಡುತ್ತಿದ್ದಾಳೆ. "ಆಮ್ಯಾಲೆ ಬರೀರಿ, ಗೂಟಾ ಹಿಡೀರಿ ಮೊದಲ, ಕಲ್ಲು ನಿಂತೈತಿ" — ಮೂರನೆಯದು